ಸುಂದರಕಾಂಡ ಹನ್ನೊಂದನೇ ಸರ್ಗಕ್ಕೆ ನಿಂತೋಗಿದೆ, ಮುಂದೆ ಓದೋಕೆ ಮನಸ್ಸೇ ಬರ್ತಿಲ್ಲ

ದೀಪದಬತ್ತಿ:
ನಮಸ್ಕಾರ ಎಲ್ರಿಗೂ. ಇಲ್ಲಿ ಬರೀತಿರೋದು ಮೊದಲ್ನೇ ಸಲ. ನಮ್ಮನೆಯವರಿಗೆ ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆಯ್ತು, ಬಲಗಡೆ ಕೈಕಾಲು ಸ್ವಾಧೀನ ಇಲ್ಲ, ಮಾತೂ ಹೋಯ್ತು. ನಾವು ಹೇಳೋದೆಲ್ಲ ಅರ್ಥ ಆಗುತ್ತೆ, ಆದ್ರೆ ನೀರು ಬೇಕು ಅನ್ನೋಕೂ ಬಾಯಿಗೆ ಪದ ಬರಲ್ಲ, ಒದ್ದಾಡ್ತಾರೆ, ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ಝೆರಾಕ್ಸ್ ಅಂಗಡಿ ಇತ್ತು, ಈಗ ಬಾಗಿಲು ಹಾಕಿದೆ. ಮಗ ಸೆಕೆಂಡ್ ಪಿಯುಸಿ.

ನಮ್ಮ ನಾದಿನಿ ಸುಂದರಕಾಂಡ ಪಾರಾಯಣ ಮಾಡಿ ಅತ್ತಿಗೆ ಅಂದ್ರು. 68 ಸರ್ಗ, ದಿನಕ್ಕೊಂದು ಅಂತ ಸಂಕಲ್ಪ ಮಾಡಿ ಶುರು ಮಾಡಿದೆ. ಹನ್ನೊಂದು ದಿನ ಓದಿದೆ. ಬರೀ ಲಂಕೆ ವರ್ಣನೆ, ಪುಷ್ಪಕ ವಿಮಾನ, ಚಿನ್ನದ ಮೆಟ್ಟಿಲು. ನಾನು ಅವತ್ತು ಬೆಳಿಗ್ಗೆ ಬಳೆ ಗಿರವಿ ಇಟ್ಟು ಬಂದಿದ್ದೆ, ಸಾಯಂಕಾಲ ಕೂತು ರಾವಣನ ಮನೆ ಚಿನ್ನದ ಮೆಟ್ಟಿಲು ಓದ್ತಿದೀನಿ. ಅಳು ಬಂದ್ಬಿಡ್ತು. ಪುಸ್ತಕ ಮುಚ್ಚಿಟ್ಟವಳು ಮತ್ತೆ ತೆಗೆದಿಲ್ಲ, ಇಪ್ಪತ್ತು ದಿನ ಆಯ್ತು. ಈಗ ಗೊತ್ತಿರೋರೊಬ್ರು ಅರ್ಧಕ್ಕೆ ಬಿಟ್ರೆ ಕೆಟ್ಟದಾಗುತ್ತೆ ಅಂತಿದಾರೆ. ನಿಜಾನಾ? ಇನ್ನೊಂದು ಮಾತು, ಕಷ್ಟದಲ್ಲಿ ಶಾಸ್ತ್ರ ಓದಿ ನಿಮಗ್ಯಾರಿಗಾದ್ರೂ ನಿಜವಾಗ್ಲೂ ಧೈರ್ಯ ಬಂದಿದ್ಯಾ? ಸುಮ್ನೆ ಹೇಳೋ ಮಾತು ಬೇಡ.

ಕಲ್ಪತರುನಾಡು:
ಅಕ್ಕಾ ಧೈರ್ಯವಾಗಿರಿ. ಹೇಳೋಕೆ ದೊಡ್ಡ ಮಾತು ಗೊತ್ತಿಲ್ಲ. ನಮ್ಮೂರ ಕಡೆಯವರು ಅನ್ಸುತ್ತೆ ನೀವು.

ಶ್ರೀವಿದ್ಯಾ ಮೈಸೂರು:
ಸಂಕಲ್ಪ ಮಾಡಿ ಬಿಡೋದು ಸರಿ ಅಲ್ಲ ಕಣ್ರೀ, ಹಿರಿಯರು ಸುಮ್ನೆ ಹೇಳಿರಲ್ಲ. ಒಂದು ಶನಿವಾರ ತಲೆಗೆ ಸ್ನಾನ ಮಾಡಿ ತಪ್ಪಾಯ್ತು ಅಂತ ಬೇಡ್ಕೊಂಡು ಮೊದಲ್ನೇ ಸರ್ಗದಿಂದ ಶುರು ಮಾಡಿ. ಮುಗಿದ ದಿನ ಪಟ್ಟಾಭಿಷೇಕ ಸರ್ಗ ಓದಿ ಆಂಜನೇಯನಿಗೆ ವಡೆ ಸರ ಹಾಕ್ಸಿ. ಪುರೋಹಿತರನ್ನ ಒಂದ್ ಮಾತು ಕೇಳಿದ್ರೆ ಒಳ್ಳೇದು.

ಗದಗಿನ ಮಾಸ್ತರು:
ಅಲ್ರೀ, ಆ ತಾಯಿ ಗಂಡನ್ನ ಎತ್ತಿ ಕುಂಡ್ರಸೂದು, ಊಟ ಮಾಡ್ಸೂದು, ಮಗನ್ನ ನೋಡೂದು ಎಲ್ಲಾ ಒಬ್ಬಾಕಿನ ಮಾಡಾಕತ್ತಾಳ, ಅದರಾಗ ನೀವು ತಪ್ಪಾತು ಅಂತ ಬೇಡ್ಕೋ ಅಂತೀರಲ್ಲ? ಏನ್ ತಪ್ಪ ಮಾಡ್ಯಾಳಾಕಿ? ಗೀತಾ ಎರಡನೇ ಅಧ್ಯಾಯ 40ನೇ ಶ್ಲೋಕ ತಗದ ನೋಡ್ರಿ. "ನೇಹಾಭಿಕ್ರಮನಾಶೋಽಸ್ತಿ ಪ್ರತ್ಯವಾಯೋ ನ ವಿದ್ಯತೇ". ಶುರು ಮಾಡಿದ್ದು ಹಾಳಾಗಂಗಿಲ್ಲ, ನಡುವ ನಿಂತ್ರ ದೋಷ ಬರಂಗಿಲ್ಲ. "ಸ್ವಲ್ಪಮಪ್ಯಸ್ಯ ಧರ್ಮಸ್ಯ ತ್ರಾಯತೇ ಮಹತೋ ಭಯಾತ್", ಸ್ವಲ್ಪ ಮಾಡಿದ್ರೂ ದೊಡ್ಡ ಅಂಜಿಕಿಯಿಂದ ಕಾಪಾಡತೈತಿ ಅಂತ. ಹನ್ನೊಂದು ಸರ್ಗ ಓದ್ಯಾಳ, ಅದು ಓದಿದ್ದ. ಯಾರೂ ಕಸಗೊಳ್ಳಾಕ ಬರಂಗಿಲ್ಲ.

ಶ್ರೀವಿದ್ಯಾ ಮೈಸೂರು:
ಮಾಸ್ತರೇ ಆ ಶ್ಲೋಕ ಕರ್ಮಯೋಗದ ಬಗ್ಗೆ, ನಿಷ್ಕಾಮವಾಗಿ ಮಾಡೋ ಕೆಲಸಕ್ಕೆ. ಇವರು ಫಲ ಬೇಡಿ ಸಂಕಲ್ಪ ಮಾಡಿದಾರೆ. ಕಾಮ್ಯಕ್ಕೆ ನಿಯಮ ಬೇರೆ.

ಗದಗಿನ ಮಾಸ್ತರು:
ಆತು, ನಿಯಮ ಬ್ಯಾರೆ. ಆದ್ರ ಗಂಡ ನೆಟ್ಟಗಾಗ್ಲಿ ಅಂತ ಬೇಡಿದ ಹೆಂಗಸಿನ ಮ್ಯಾಲ ಸಿಟ್ಟಾಗೋ ದೇವ್ರನ್ನ ನಾ ಅಂತೂ ಕಂಡಿಲ್ರಿ.

ಮಲೆನಾಡ ಮಳೆ:
ದೀಪದಬತ್ತಿ ಅವ್ರೇ, ನೀವು ನಿಲ್ಸಿರೋ ಜಾಗ ನೋಡಿ ನಂಗೆ ಕೂತ್ಕಳೋಕಾಗ್ಲಿಲ್ಲ, ಅದಕ್ಕೇ ಉದ್ದ ಬರೀತೀನಿ. ನಮ್ಮಜ್ಜ ಊರಲ್ಲಿ ಯಾರ ಮನೇಲಿ ಕಷ್ಟ ಅಂದ್ರೂ ಹೋಗಿ ಸುಂದರಕಾಂಡ ಓದಿ ಬರ್ತಿದ್ರು. ದಕ್ಷಿಣೆ ತಗೊಳ್ತಿರ್ಲಿಲ್ಲ, ಕಾಫಿ ಕುಡ್ಕೊಂಡು ಬರೋರು. ಅವರು ಹೇಳ್ತಿದ್ದಿದ್ದು, ಮೊದಲು ಹನ್ನೊಂದು ಸರ್ಗ ಹೆಂಗಾದ್ರೂ ದಾಟಿಸ್ಬೇಕು ಮಗಾ, ಹನ್ನೆರಡು ಹದಿಮೂರು ಬಂದ್ರೆ ಕೇಳೋರು ಎದ್ದು ಹೋಗಲ್ಲ ಅಂತ.

ಯಾಕೆ ಅಂದ್ರೆ ನೀವು ನಿಲ್ಸಿದಲ್ಲಿ ಹನುಮಂತನಿಗೂ ಏನೂ ಸಿಕ್ಕಿಲ್ಲ. ಸಮುದ್ರ ಹಾರಿ ಬಂದಿದಾನೆ, ರಾತ್ರಿಯೆಲ್ಲಾ ಮನೆ ಮನೆ ಹುಡುಕಿದಾನೆ, ಮಂಡೋದರಿನ ನೋಡಿ ಇವಳೇ ಸೀತೆ ಅನ್ಕೊಂಡು ಕುಣಿದಾಡಿ ಆಮೇಲೆ ಛೇ ಅಲ್ಲ ಅಂತ ನಾಚ್ಕೊಂಡಿದಾನೆ. ಹನ್ನೆರಡರಲ್ಲಿ ತನಗೆ ತಾನೇ ಹೇಳ್ಕೊಳ್ತಾನೆ, "ಅನಿರ್ವೇದಃ ಶ್ರಿಯೋ ಮೂಲಂ ಅನಿರ್ವೇದಃ ಪರಂ ಸುಖಂ". ನಿರ್ವೇದ ಅಂದ್ರೆ ಇನ್ನು ನನ್ ಕೈಲಾಗಲ್ಲ ಅಂತ ಕುಸಿದು ಕೂರೋದು. ಕುಸೀದೇ ಇರೋದೇ ಸಂಪತ್ತಿನ ಬೇರು ಅಂತಾನೆ. ಇದನ್ನ ಎಲ್ರೂ ಗೋಡೆ ಮೇಲೆ ಬರೆಸ್ತಾರೆ.

ಆದ್ರೆ ಮುಂದಿನ ಸರ್ಗದಲ್ಲೇ ಅವನು ಕುಸಿದು ಹೋಗ್ತಾನೆ! ಇದನ್ನ ಯಾರೂ ಬರೆಸಲ್ಲ. ಹದಿಮೂರರಲ್ಲಿ ಕೂತು ಲೆಕ್ಕ ಹಾಕ್ತಾನೆ. ಸೀತೆನ ನೋಡ್ದೇ ಹೋದ್ರೆ ರಾಮ ಸಾಯ್ತಾನೆ, ರಾಮ ಸತ್ರೆ ಲಕ್ಷ್ಮಣ, ಅದು ಕೇಳಿ ಭರತ, ಅವನ ಹಿಂದೆ ಶತ್ರುಘ್ನ, ಮಕ್ಕಳು ಸತ್ತಿದ್ದು ನೋಡಿ ತಾಯಂದಿರು, ಅಲ್ಲಿ ಸುಗ್ರೀವ, ರುಮೆ, ತಾರೆ, ಅಂಗದ, ಕೊನೆಗೆ ಕಪಿಗಳೆಲ್ಲಾ. ಒಂದು ಸುದ್ದಿಯಿಂದ ಎರಡು ಊರೇ ಖಾಲಿ ಆಗುತ್ತೆ ಅವನ ಲೆಕ್ಕದಲ್ಲಿ. ನಾನು ಹೋಗೋದೇ ಇಲ್ಲ, ಇಲ್ಲೇ ಎಲ್ಲಾದ್ರೂ ಸನ್ಯಾಸಿ ಥರ ಇದ್ಬಿಡ್ತೀನಿ, ಇಲ್ಲಾ ಬೆಂಕಿಗೋ ನೀರಿಗೋ ಬೀಳ್ತೀನಿ ಅನ್ನೋವರೆಗೂ ಹೋಗ್ತಾನೆ. ಆಮೇಲೆ ಒಂದು ಸಾಲು, "ವಿನಾಶೇ ಬಹವೋ ದೋಷಾಃ". ಸಾಯೋದ್ರಲ್ಲಿ ದೋಷಗಳೇ ಜಾಸ್ತಿ, ಬದುಕಿದ್ರೆ ಒಳ್ಳೇದನ್ನ ನೋಡಬಹುದು ಅಂತಾನೆ.

ಆಕಾಶವಾಣಿ ಆಗಲ್ಲ, ದೇವರು ಪ್ರತ್ಯಕ್ಷ ಆಗಲ್ಲ. ಕಣ್ಣೆತ್ತಿ ನೋಡ್ತಾನೆ, ದೊಡ್ಡ ಮರಗಳಿರೋ ಒಂದು ತೋಟ ಕಾಣುತ್ತೆ, ಅಶೋಕವನ. "ಇದನ್ನ ನಾನಿನ್ನೂ ಹುಡುಕಿಲ್ಲ" ಅಂತಾನೆ. ಅಷ್ಟೇ. ನಂಗೆ ಇಡೀ ರಾಮಾಯಣದಲ್ಲಿ ಇದಕ್ಕಿಂತ ದೊಡ್ಡ ಧೈರ್ಯದ ಮಾತು ಸಿಕ್ಕಿಲ್ಲ. ಹುಡುಕದೇ ಇರೋ ಜಾಗ ಇನ್ನೊಂದಿದೆ. ನಮ್ಮಜ್ಜಿ ಹೋದ ವರ್ಷ ಅಜ್ಜ ನಮ್ಮನೇಲೇ ಇದನ್ನ ಓದಿದ್ರು, ಅಶೋಕವನ ಬಂದಾಗ ಸ್ವರ ನಡುಗ್ತು, ನಿಲ್ಸಲಿಲ್ಲ.

ಬಯಲುಸೀಮೆ ಹುಡ್ಗ:
ಇಷ್ಟ್ ವರ್ಷ ಸುಂದರಕಾಂಡ ಅಂದ್ರೆ ಹನುಮಂತ ಬಾಲಕ್ಕೆ ಬೆಂಕಿ ಹಚ್ಕೊಂಡು ಲಂಕೆ ಸುಟ್ಟಿದ್ದು ಅಷ್ಟೇ ಅನ್ಕೊಂಡಿದ್ದೆ. ಇದು ಗೊತ್ತೇ ಇರ್ಲಿಲ್ಲ.

ಪ್ರಶ್ನೆ ಕೇಳೋನು:
ಕ್ಷಮಿಸಿ, ಖಡಾಖಂಡಿತವಾಗಿ ಕೇಳ್ತೀನಿ. ಓದಿದ್ರೆ ಸ್ಟ್ರೋಕ್ ವಾಸಿ ಆಗುತ್ತಾ? ಆ ಟೈಮಲ್ಲಿ ಫಿಸಿಯೋ ಮಾಡ್ಸಿ, ಸ್ಪೀಚ್ ಥೆರಪಿ ಕೊಡ್ಸಿ. ನಮ್ ಚಿಕ್ಕಪ್ಪನ ಮನೇಲಿ ಪೂಜೆ ಹೋಮ ಅಂತ ತಿಂಗಳುಗಟ್ಲೆ ಹಾಳು ಮಾಡಿ ಆಮೇಲೆ ಡಾಕ್ಟರ್ ಹತ್ರ ಹೋದ್ರು. ನೋಡಿ ನೋಡಿ ನನ್ನ ಹೊಟ್ಟೆ ಉರಿದಿದೆ.

ದೀಪದಬತ್ತಿ:
ಇಲ್ಲ ಸಾರ್, ಫಿಸಿಯೋ ಮೊದಲಿಂದ್ಲೂ ಬಿಟ್ಟಿಲ್ಲ, ಈಗ ಮನೇಲೇ ಮಗ ಮಾಡಿಸ್ತಾನೆ. ಸ್ಪೀಚ್ ಥೆರಪಿಗೆ ನಾಲ್ಕು ಸಲ ಹೋದ್ವಿ, ಆಟೋ ಖರ್ಚಿಗೇ ಕಷ್ಟ ಆಗಿ ನಿಲ್ತು. ಪಾರಾಯಣ ಅವರಿಗೆ ಔಷಧಿ ಅಂತ ಮಾಡ್ಲಿಲ್ಲ. ನಂಗೋಸ್ಕರ ಮಾಡಿದ್ದು ಅನ್ಸುತ್ತೆ ಈಗ.

ಪ್ರಶ್ನೆ ಕೇಳೋನು:
ಹಾಗಾದ್ರೆ ನನ್ನ ಮಾತು ವಾಪಸ್ ತಗೋತೀನಿ ಮೇಡಂ. ಮಗನಿಗೆ ಶಹಬ್ಬಾಸ್ ಹೇಳಿ.

ಮಾತಿನಮನೆ:
ನಾನು ಸ್ಪೀಚ್ ಥೆರಪಿಸ್ಟ್. ಒಂದು ವಿಷಯ ಹೇಳ್ಬೇಕು. ಮೆದುಳಿನ ಎಡಭಾಗಕ್ಕೆ ಪೆಟ್ಟಾದ್ರೆ ಬಲಗೈ ಬಲಗಾಲು ಹೋಗುತ್ತೆ, ಬಹಳ ಜನಕ್ಕೆ ಮಾತೂ ಹೋಗುತ್ತೆ, ಅಫೇಸಿಯಾ ಅಂತೀವಿ. ಬುದ್ಧಿ ಹೋಗಿರಲ್ಲ, ಪದ ಬಾಯಿಗೆ ಬರೋ ದಾರಿ ಕಟ್ಟಾಗಿರುತ್ತೆ. ಆದ್ರೆ ಇಂಥವರಲ್ಲಿ ಎಷ್ಟೋ ಜನ ಮಾತಾಡೋಕಾಗದಿದ್ರೂ ಚಿಕ್ಕಂದಿನಿಂದ ಬಾಯಿಗೆ ಬಂದ ಹಾಡು, ಶ್ಲೋಕ, ಒಂದು ಎರಡು ಮೂರು ಎಣಿಕೆ ಇವನ್ನ ಹೇಳ್ತಾರೆ. ರಾಗಕ್ಕೆ ಮೆದುಳಿನ ಬಲಭಾಗವೂ ಕೆಲಸ ಮಾಡುತ್ತೆ, ಅದನ್ನೇ ಹಿಡ್ಕೊಂಡು ಮಾಡೋ ಥೆರಪಿನೂ ಇದೆ. ಎಲ್ರಿಗೂ ಆಗುತ್ತೆ ಅಂತ ಹೇಳಲ್ಲ. ಆದ್ರೆ ನೀವು ಮನಸ್ಸಲ್ಲೇ ಓದ್ಕೊಳ್ಳೋ ಬದ್ಲು ಅವರ ಪಕ್ಕ ಕೂತು ಜೋರಾಗಿ, ನಿಧಾನಕ್ಕೆ ಓದಿ. ಅವರಿಗೆ ಗೊತ್ತಿರೋ ಹಾಡಿದ್ರೆ ಮೊದಲ ಸಾಲು ನೀವು ಹಾಡಿ, ಕೊನೆ ಪದ ಬಿಟ್ಟು ಕಾಯಿರಿ. ಒತ್ತಾಯ ಮಾಡ್ಬೇಡಿ, ಹೇಳಿ ಹೇಳಿ ಅಂತ ಪೀಡಿಸ್ಬೇಡಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಲಿ ಸ್ಪೀಚ್ ಥೆರಪಿ ಇದ್ಯಾ ಅಂತ ಒಮ್ಮೆ ವಿಚಾರ್ಸಿ.

ರಾಯರಮಠ ಬೀದಿ:
ಇದು ನೂರಕ್ಕೆ ನೂರು ನಿಜ. ನಮ್ ತಂದೆಗೆ ಲಕ್ವಾ ಹೊಡೆದಾಗ ನನ್ನ ಹೆಸರು ಕರೆಯೋಕಾಗ್ತಿರ್ಲಿಲ್ಲ, ಆದ್ರೆ ತಾಯಿ "ತಲ್ಲಣಿಸದಿರು ಕಂಡ್ಯ" ಅಂದ್ರೆ "ತಾಳು ಮನವೆ" ಅಂತ ಪೂರ್ತಿ ಬರ್ತಿತ್ತು. ಪುರಂದರದಾಸರು ಎಂಥ ಪದ ಕೊಟ್ಟು ಹೋಗಿದಾರೆ.

ಕಾಗಿನೆಲೆ ದಾರಿ:
ಪುರಂದರದಾಸರದ್ದಲ್ರೀ, ಕನಕದಾಸರದ್ದು. ಕೊನೆಗೆ ಕಾಗಿನೆಲೆ ಆದಿಕೇಶವ ಅಂಕಿತ ಐತಿ ನೋಡ್ರಿ. ಬೆಟ್ಟದ ತುದೀಲಿ ಹುಟ್ಟಿದ ಮರಕ್ಕ ಕಟ್ಟೆ ಕಟ್ಟಿ ನೀರು ಹಾಕಿದವ್ರು ಯಾರು ಅಂತ ಕೇಳ್ತಾರಲ್ಲ, ಅದು ಕನಕಪ್ಪನ ಪ್ರಶ್ನೆ. ನಿಮ್ ತಂದಿಯವರ ವಿಷ್ಯ ಓದಿ ಕಣ್ಣಾಗ ನೀರ ಬಂತು.

ರಾಯರಮಠ ಬೀದಿ:
ಹೌದು ಹೌದು, ಕನಕದಾಸರದೇ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಹೊಸಬೆಳಕು:
ಎಲ್ರೂ ಇಷ್ಟೆಲ್ಲಾ ಯಾಕೆ, ಗೀತಾಸಾರ ಓದಿ ಸಾಕು. ಆಗಿದ್ದೆಲ್ಲಾ ಒಳ್ಳೇದಕ್ಕೇ, ಆಗ್ತಿರೋದು ಒಳ್ಳೇದಕ್ಕೇ, ಆಗೋದೂ ಒಳ್ಳೇದಕ್ಕೇ. ಇಷ್ಟು ಅರ್ಥ ಆದ್ರೆ ದುಃಖವೇ ಇಲ್ಲ.

ಗದಗಿನ ಮಾಸ್ತರು:
ಅದು ಕ್ಯಾಲೆಂಡರದಾಗ, ಅಂಗಡಿ ಗ್ವಾಡಿ ಮ್ಯಾಲ ಇರೋ ಮಾತು. ಗೀತಾದ 700 ಶ್ಲೋಕದಾಗ ಎಲ್ಲೂ ಇಲ್ಲ, ಹುಡುಕಿ ನೋಡ್ರಿ. ಗೀತಾ ಶುರು ಆಗೂದ ಅಳೂದ್ರಿಂದ, ಮೊದಲ್ನೇ ಅಧ್ಯಾಯದ ಹೆಸರ ಅರ್ಜುನ ವಿಷಾದಯೋಗ. ಗಾಂಡೀವ ಕೈಯಿಂದ ಜಾರತೈತಿ, ಚರ್ಮ ಉರೀತೈತಿ, ನಿಲ್ಲಾಕ ಆಗವಲ್ದು ಅಂತಾನ. ಅವನಿಗೆ ಕೃಷ್ಣ ಆಗಿದ್ದೆಲ್ಲಾ ಚಲೋ ಆತು ಅಂತ ಹೇಳಿಲ್ಲ.

ದೀಪದಬತ್ತಿ:
ಮಾಸ್ತರೇ ನಿಮ್ಮ ಕಾಲಿಗೆ ಬಿದ್ದೆ ಈ ಮಾತಿಗೆ. ಸ್ಟ್ರೋಕ್ ಆದ ವಾರದಲ್ಲೇ ಹತ್ತು ಜನ ಅದನ್ನ ವಾಟ್ಸಾಪಲ್ಲಿ ಕಳ್ಸಿದ್ರು. ಆಗಿದ್ದೆಲ್ಲಾ ಒಳ್ಳೇದಕ್ಕೇ. ಯಾವ ಒಳ್ಳೇದು ಅಂತ ಯಾರನ್ನ ಕೇಳ್ಲಿ ನಾನು.

ಹೊಸಬೆಳಕು:
ಕ್ಷಮಿಸಿ ಅಕ್ಕ. ನೋವು ಮಾಡ್ಬೇಕು ಅಂತ ಹಾಕಿದ್ದಲ್ಲ, ನಂಗೆ ಅದೇ ಗೀತೆ ಅಂತ ಗೊತ್ತಿತ್ತು.

ಬಲ್ಮಠದವಳು:
ನಾನು ಮಂಗಳೂರಿನ ಕ್ರಿಶ್ಚಿಯನ್, ನನಗೆ ಸುಂದರಕಾಂಡ ಗೊತ್ತಿಲ್ಲ, ಆದ್ರೆ ನೀವು ಹೇಳಿದ ಆ ಹದಿಮೂರನೇ ಸರ್ಗ ಓದುವಾಗ ನಮ್ಮ ಬೈಬಲಿನ ಹದಿಮೂರನೇ ಕೀರ್ತನೆ ನೆನಪಾಯ್ತು ಮಾರಾಯ್ರೆ. ಆರೇ ವಚನ ಉಂಟು, ಶುರುವಿಗೇ ದಾವೀದ ದೇವರ ಹತ್ರ ಎಷ್ಟರ ತನಕ, ಎಷ್ಟರ ತನಕ ಅಂತ ನಾಲ್ಕು ಸಲ ಕೇಳ್ತಾನೆ. ನನ್ನ ಮಗು ಹೋದಾಗ ಇಪ್ಪತ್ಮೂರನೇ ಕೀರ್ತನೆ, ಕರ್ತನು ನನಗೆ ಕುರುಬನು ಅನ್ನುವುದು, ಎಲ್ಲರೂ ಅದನ್ನೇ ಓದಿ ಹೇಳಿದ್ರು, ನನಗೆ ಅದು ಹತ್ತಿರ ಕೂಡ ಬರ್ಲಿಲ್ಲ. ಅಮ್ಮ ಎಂಬತ್ತೆಂಟನೆಯದು ತೆಗೆದು ಕೊಟ್ರು. ಅದು ಕತ್ತಲೆಯಲ್ಲೇ ಮುಗಿಯುವುದು, ಸಮಾಧಾನದ ಮಾತೇ ಇಲ್ಲ. ಇಷ್ಟು ಕಪ್ಪು ಪ್ರಾರ್ಥನೆಯನ್ನು ಕೂಡ ಬೈಬಲಿನಲ್ಲಿ ಇಟ್ಕೊಂಡಿದ್ದಾರಲ್ಲ, ಹಾಗಾದ್ರೆ ನನ್ನ ಸಿಟ್ಟಿಗೂ ಅಲ್ಲಿ ಜಾಗ ಉಂಟು ಅಂತ ಆಯ್ತು. ಅವತ್ತು ರಾತ್ರಿ ಊಟ ಮಾಡಿದೆ.

ಬೀದರ್ ಟು ಬೆಂಗಳೂರು:
ನಮ್ಮ ಕುರಾನಲ್ಲಿ 94ನೇ ಸೂರಾ ಅಂದ್ರೆ ಅಧ್ಯಾಯ, ಎಂಟೇ ಆಯತ್, ಅಂದ್ರೆ ವಾಕ್ಯ. ಅದ್ರಲ್ಲಿ ಕಷ್ಟದ ಜೊತೆಗೇ ನಿರಾಳ ಇದೆ ಅಂತ ಎರಡು ಸಲ ಬರುತ್ತೆ. ಕಷ್ಟ ಆದ್ಮೇಲೆ ಅಂತಲ್ಲ, ಜೊತೆಗೆ. ಕೋವಿಡ್ ಟೈಮಲ್ಲಿ ಅಬ್ಬಾ ಆಕ್ಸಿಜನ್ ಮೇಲಿದ್ದಾಗ ನಮ್ಮಮ್ಮಿ ಇದೊಂದನ್ನೇ ಹಿಡ್ಕೊಂಡಿದ್ರು. ಪಕ್ಕದ ಮನೆ ಆಂಟಿ ದಿನಾ ಗಂಜಿ ಕಳಿಸ್ತಿದ್ರು, ಅಮ್ಮಿ ಅದನ್ನ ನೋಡಿ ಇದೇ ಆ ಜೊತೆಗಿರೋದು ಅನ್ನೋರು.

ಕೂಡಲಸಂಗಮ ಎಕ್ಸ್‌ಪ್ರೆಸ್:
ಬಸವಣ್ಣನವರ ವಚನ ಓದ್ರಿ. "ನಾಳೆ ಬಪ್ಪುದು ನಮಗಿಂದೇ ಬರಲಿ, ಇಂದು ಬಪ್ಪುದು ನಮಗೀಗಲೇ ಬರಲಿ, ಇದಕಾರಂಜುವರು ಇದಕಾರಳುಕುವರು". ಇದಕ್ಕಿಂತ ಧೈರ್ಯ ಬೇಕೇನ್ರಿ?

ಮಲೆನಾಡ ಮಳೆ:
ಧೈರ್ಯ ಹೌದು, ಆದ್ರೆ ಭರವಸೆ ಅಂತ ನಂಗೆ ಅನ್ಸಲ್ಲ. ಬರೋದು ಬರ್ಲಿ ಅಂತ ಎದೆ ಕೊಟ್ಟು ನಿಲ್ಲೋನ ಮಾತು ಅದು. ಎಂಟು ತಿಂಗಳಿಂದ ನಿದ್ದೆ ಇಲ್ದೇ ಇರೋರಿಗೆ ಬಾ ನೋಡೋಣ ಅನ್ನೋ ಶಕ್ತಿ ಎಲ್ಲಿಂದ ಬರ್ಬೇಕು?

ಕೂಡಲಸಂಗಮ ಎಕ್ಸ್‌ಪ್ರೆಸ್:
ನಾ ಒಪ್ಪಂಗಿಲ್ಲ. ನಮ್ಮಪ್ಪಗ ಬೆಳಿ ಹೋಗಿ ಸಾಲ ಆದಾಗ ಈ ವಚನ ಹೇಳ್ಕೋತನ ಬ್ಯಾಂಕಿಗೆ ಹೋಗಿ ಕುಂತ್ರು. ಅಂಜಿದ್ರ ಮನ್ಯಾಗ ಮುಚ್ಕೊಂಡು ಮಲಗ್ತಿದ್ರು. ಆದ್ರ ಈ ಅಕ್ಕಗ ಅದು ಬ್ಯಾಡ ಅಂದ್ರ "ನೀನೊಲಿದರೆ ಕೊರಡು ಕೊನರುವುದಯ್ಯಾ" ಓದ್ಲಿ. ಒಣ ಕಟ್ಟಿಗಿ ಚಿಗರತೈತಿ ಅಂತ ಹೇಳೋದು.

ಬಯಲುಸೀಮೆ ಹುಡ್ಗ:
ನಮ್ಮೂರಲ್ಲಿ ಮಳೆ ಹೋದ್ರೆ ವಿರಾಟಪರ್ವ ಓದಿಸ್ತಾರೆ. ಗುಡಿ ಮುಂದೆ ಒಬ್ರು ಓದೋದು, ಇನ್ನೊಬ್ರು ಅರ್ಥ ಹೇಳೋದು. ಮಳೆ ಬಂದಿದ್ದೂ ಇದೆ ಬರದೇ ಇದ್ದಿದ್ದೂ ಇದೆ. ಆದ್ರೆ ಜಗಳ ಆಡ್ಕೊಂಡು ಮಾತು ಬಿಟ್ಟಿದ್ದ ಎರಡು ಮನೆಯೋರು ಒಂದೇ ಚಾಪೆ ಮೇಲೆ ಕೂತಿದ್ದು ನಾನು ನೋಡಿದೀನಿ.

ಕಾಗಿನೆಲೆ ದಾರಿ:
ನಮ್ ಕಡೆನೂ ಕುಮಾರವ್ಯಾಸನ ವಿರಾಟಪರ್ವನ ಓದ್ಸೂದು. ರಾಮಾಯಣ ಕನ್ನಡದಾಗ ಕೇಳಬೇಕಂದ್ರ ತೊರವೆ ರಾಮಾಯಣ ಐತಿ, ತೊರವೆ ವಿಜಯಪುರದ ಮಗ್ಗಲ್ದಾಗ. ಅದೂ ಭಾಮಿನಿ ಷಟ್ಪದಿನ, ಓದಾಕ ಕುಂತ್ರ ತಾನ ಲಯ ಹಿಡಿತೈತಿ. ಸಂಸ್ಕೃತ ಕಷ್ಟ ಆದ್ರ ಇದನ್ನ ಓದ್ರಿ ಅಕ್ಕಾರ.

ಶ್ರೀವಿದ್ಯಾ ಮೈಸೂರು:
ವಿಷಯ ಎಲ್ಲೆಲ್ಲಿಗೋ ಹೋಗ್ತಿದೆ. ದೀಪದಬತ್ತಿ ಅವರು ಸುಮ್ನಾಗ್ಬಿಟ್ರು. ಹೇಗಿದೀರಮ್ಮ?

ದೀಪದಬತ್ತಿ:
ಓದ್ತಾ ಇದೀನಿ ಎಲ್ಲಾ. ನಿಜ ಹೇಳ್ತೀನಿ. ಹನುಮಂತನ ಆ ಲೆಕ್ಕ ಇದೆಯಲ್ಲ, ಅದು ನಂದೇ. ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತೆ. ಇವರಿಗೆ ಇನ್ನೊಂದ್ ಸಲ ಆದ್ರೆ, ಅಂಗಡಿ ಅಡ್ವಾನ್ಸ್ ಹೋದ್ರೆ, ಮಗ ಓದು ಬಿಟ್ರೆ, ಅತ್ತೆಗೆ ಯಾರು, ಹಿಂಗೇ ಒಂದಕ್ಕೊಂದು ಗಂಟು ಬೀಳ್ತಾ ಬೆಳಗಾಗುತ್ತೆ. ಎಲ್ಲಾ ಮುಗಿಸ್ಬಿಡೋಣ ಅಂತ ಎರಡು ಸಲ ಅನ್ಸಿದೆ. ಯಾರ ಹತ್ರಾನೂ ಹೇಳಿಲ್ಲ ಇದನ್ನ.

ಮಾತಿನಮನೆ:
ಹೇಳಿದ್ದು ಒಳ್ಳೇದಾಯ್ತು. ಈಗ್ಲೇ ಒಂದು ಕೆಲಸ ಮಾಡಿ, 14416 ಬರ್ಕೊಳ್ಳಿ. ಟೆಲಿ ಮನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಮೂರು ಗಂಟೆಗೂ ಎತ್ತುತಾರೆ. ನೋಡ್ಕೊಳ್ಳೋರಿಗೂ ನೋಡ್ಕೊಳ್ಳೋರು ಬೇಕು. ನಾದಿನಿಗೂ ಇವತ್ತೇ ಹೇಳಿ ಇದನ್ನ, ನಂಗೆ ಹೇಳಿದ ಹಾಗೇ. ಮನೇಲಿರೋ ಮಾತ್ರೆ ಡಬ್ಬ ಮಗನ ಕೈಲಿ ಇರ್ಲಿ.

ಕಲ್ಪತರುನಾಡು:
ಅಕ್ಕಾ ನಾನು ತುಮಕೂರಲ್ಲೇ ಇರೋದು. ನೀವೂ ಇಲ್ಲೇ ಆದ್ರೆ ಮೆಸೇಜ್ ಮಾಡಿ. ಥೆರಪಿಗೆ ವಾರಕ್ಕೆರಡು ದಿನ ಕಾರಲ್ಲಿ ಕರ್ಕೊಂಡು ಹೋಗಿ ಬರ್ತೀನಿ. ಸುಮ್ನೆ ಹೇಳ್ತಿಲ್ಲ.

ಮಲೆನಾಡ ಮಳೆ:
ನೀವು ಹೇಳಿದ್ದು ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಮೊದಲು ಆ ನಂಬರಿಗೆ ಫೋನ್ ಮಾಡಿ. ಆಮೇಲೆ ಓದೋಕೆ ಇನ್ನೊಂದು ಜಾಗ ಹೇಳ್ತೀನಿ. 28ನೇ ಸರ್ಗದಲ್ಲಿ ಸೀತೆಗೂ ಇದೇ ಯೋಚನೆ ಬರುತ್ತೆ. ಹತ್ತು ತಿಂಗಳಾಗಿದೆ, ಯಾರೂ ಬಂದಿಲ್ಲ, ಇನ್ನೆರಡೇ ತಿಂಗಳು ಗಡುವು. ವಾಲ್ಮೀಕಿ ಅವಳನ್ನ ಹೇಡಿ ಅಂತ ಬೈಯಲ್ಲ, ಪಾಪ ಅಂತ ಉಪದೇಶ ಮಾಡಲ್ಲ. ಸುಮ್ನೆ ಪಕ್ಕದಲ್ಲಿ ನಿಂತು ಬರೀತಾನೆ. ಅವಳಿಗೆ ಗೊತ್ತಿಲ್ಲ, ಅವಳು ಹಿಡ್ಕೊಂಡು ನಿಂತಿರೋ ಮರದ ಮೇಲೇ ಹನುಮಂತ ಕೂತಿದಾನೆ.

34ಕ್ಕೆ ಬಂದಾಗ ಸೀತೆ ಒಂದು ಮಾತು ಹೇಳ್ತಾಳೆ. "ಕಲ್ಯಾಣೀ ಬತ ಗಾಥೇಯಂ ಲೌಕಿಕೀ ಪ್ರತಿಭಾತಿ ಮಾ, ಏತಿ ಜೀವಂತಮಾನಂದೋ ನರಂ ವರ್ಷಶತಾದಪಿ". ಬದುಕಿದ್ದೋರ ಹತ್ರ ನೂರು ವರ್ಷ ಆದ್ರೂ ಸಂತೋಷ ಬಂದೇ ಬರುತ್ತೆ ಅಂತ. ಇದು ವೇದದ್ದು ಅಂತ ಹೇಳಲ್ಲ ಅವಳು, "ಲೌಕಿಕೀ ಗಾಥಾ" ಅಂತಾಳೆ, ಅಂದ್ರೆ ಜನ ಆಡೋ ಮಾತು. ಕೊನೇಲಿ ಯುದ್ಧಕಾಂಡದಲ್ಲಿ ರಾಮ ಬರ್ತಿದಾನೆ ಅಂತ ಗೊತ್ತಾದಾಗ ಭರತನೂ ಇದೇ ಶ್ಲೋಕ ಹೇಳ್ತಾನೆ. ಹದಿನಾಲ್ಕು ವರ್ಷ ಕಾದೋನು ಅವನೂ.

ರಾಯರಮಠ ಬೀದಿ:
ನಮ್ಮಜ್ಜಿ "ಜೀವ ಒಂದಿದ್ರೆ ಬೇಡ್ಕೊಂಡಾದ್ರೂ ತಿಂದು ಬದುಕ್ತೀವಿ" ಅನ್ನೋರು. ಅಕ್ಷರ ಬರ್ತಿರ್ಲಿಲ್ಲ ಅವರಿಗೆ.

ಶ್ರೀವಿದ್ಯಾ ಮೈಸೂರು:
ದೀಪದಬತ್ತಿ ಅವರೇ, ಮೊದಲಿಂದ ಶುರು ಮಾಡಿ ಅಂದಿದ್ದೆ, ಬೇಡ. ಹದಿಮೂರರಿಂದಾನೇ ಓದಿ. ನಾನು ಇವತ್ತು ನಿಮ್ಮ ಲೆಕ್ಕದಲ್ಲಿ ಹನ್ನೆರಡನೇದು ಓದಿ ದೀಪ ಹಚ್ಚಿದೀನಿ.

ಗದಗಿನ ಮಾಸ್ತರು:
ಹದಿನಾಲ್ಕನೇದು ನಂದು ಅಂತ ಇಟ್ಕೋರಿ.

ಬಯಲುಸೀಮೆ ಹುಡ್ಗ:
ಹದಿನೈದು ನಂಗೆ ಕೊಡಿ. ಸಂಸ್ಕೃತ ಓದೋಕೆ ಬರಲ್ಲ, ಕನ್ನಡದಲ್ಲಿ ಓದಿದ್ರೆ ನಡೆಯುತ್ತಾ?

ಶ್ರೀವಿದ್ಯಾ ಮೈಸೂರು:
ನಡೆಯುತ್ತಪ್ಪಾ.

ದೀಪದಬತ್ತಿ:
ನಾಲ್ಕು ದಿನ ಆದ್ಮೇಲೆ ಬರೀತಿದೀನಿ. 14416ಗೆ ಮಾಡಿದ್ದೆ, ಒಬ್ಬ ಹುಡುಗಿ ಮುಕ್ಕಾಲು ಗಂಟೆ ಮಾತಾಡಿದ್ಲು. ನಾದಿನಿಗೂ ಹೇಳಿದೆ, ಬಸ್ ಹತ್ತಿ ಬಂದ್ಬಿಟ್ಟಿದಾಳೆ, ಈಗ ಅಡುಗೆಮನೇಲಿ ಇದಾಳೆ.

ನಿನ್ನೆ ಸಂಜೆ ಇವರ ಮಂಚದ ಪಕ್ಕ ಕೂತು ಹದಿಮೂರನೇದು ಜೋರಾಗಿ ಓದಿದೆ, ಮೊದಲು ಶ್ಲೋಕ ಆಮೇಲೆ ಕನ್ನಡ ಅರ್ಥ. ರಾಮ ಸಾಯ್ತಾನೆ ಲಕ್ಷ್ಮಣ ಸಾಯ್ತಾನೆ ಅನ್ನೋದು ಬಂದಾಗ ಇದನ್ನ ಇವರ ಮುಂದೆ ಓದ್ಬಾರ್ದಿತ್ತೇನೋ ಅಂತ ನಿಲ್ಸಿದೆ. ಗೋಡೆ ಕಡೆ ತಿರುಗಿದ್ದೋರು ಈ ಕಡೆ ತಿರುಗಿ ಎಡಗೈಯಿಂದ ಪುಸ್ತಕ ತಟ್ಟಿದ್ರು, ಓದು ಅನ್ನೋ ಹಾಗೆ. ಓದಿದೆ. ಅಶೋಕವನದವರೆಗೂ ಕಣ್ಣು ಮುಚ್ಚಲಿಲ್ಲ. ಮಾತೇನೂ ಬರ್ಲಿಲ್ಲ, ಹಾಡೂ ಬರ್ಲಿಲ್ಲ, ಇದ್ದಿದ್ದು ಇದ್ದಂಗೆ ಹೇಳ್ತಿದೀನಿ. ಆದ್ರೆ ಪುಸ್ತಕ ಮುಚ್ಚಿದಾಗ ಮತ್ತೆ ತಟ್ಟಿದ್ರು. ಎರಡನೇ ಸಲ ಓದಿದೆ.

ಕಲ್ಪತರುನಾಡು ತಮ್ಮಾ, ನಿಮಗೆ ಮೆಸೇಜ್ ಹಾಕಿದೀನಿ ನೋಡಿ. ನಮ್ಮ ಪುಸ್ತಕದ ಅಕ್ಷರ ತೀರಾ ಚಿಕ್ಕದು, ಸಂಜೆ ಹೊತ್ತು ಕಣ್ಣು ಹಿಡಿಯಲ್ಲ. ದೊಡ್ಡಕ್ಷರದ್ದು, ಕನ್ನಡ ಅರ್ಥ ಇರೋದು ಯಾವುದಾದ್ರೂ ಇದ್ರೆ ಹೇಳಿ.

ಕಲ್ಪತರುನಾಡು:
ನೋಡ್ದೆ ಅಕ್ಕ. ಬುಧವಾರ ಹತ್ತು ಗಂಟೆಗೆ ಬರ್ತೀನಿ, ವೀಲ್‌ಚೇರ್ ಮಡಚಿದ್ರೆ ಡಿಕ್ಕೀಲಿ ಹಿಡಿಯುತ್ತೆ.

ಮಲೆನಾಡ ಮಳೆ:
ಅಜ್ಜಂದು ಇದೆ ನಮ್ಮನೇಲಿ, ಅಕ್ಷರ ಕಡಲೆಕಾಳಷ್ಟು ದಪ್ಪ. ಹಾಳೆ ಸ್ವಲ್ಪ ಹಳದಿ ಆಗಿದೆ, ಹದಿಮೂರನೇ ಸರ್ಗದ ಹತ್ರ ಕಾಫಿ ಕಲೆ ಇದೆ. ಅಡ್ರೆಸ್ ಕಳ್ಸಿ, ನಾಳೆ ಪೋಸ್ಟ್ ಮಾಡ್ತೀನಿ.